ಬಿಸಿಲಿನ ಕರೆಂಟಲ್ಲಿ ಜಮೀನಿಲ್ಲದವನ ಪಾಲೆಷ್ಟು?

ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡಿದರೆ ಪಕ್ಕದ ಊರಿನ ಗತಿ ಏನಾಗ್ತದೆ ಅಂತ ಕರಾವಳಿಯ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಡುಬಿದ್ರಿ ಹತ್ತಿರದ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಮಾಲಿನ್ಯದ ವಿರುದ್ಧ ಸುತ್ತಲಿನ ಜನ ವರ್ಷಗಟ್ಟಲೆ ಹೋರಾಡಿದರು. ನಂದಿಕೂರು ಜನಜಾಗೃತಿ ಸಮಿತಿಯ ಅರ್ಜಿಯ ಮೇಲೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂ. ಕಟ್ಟುವಂತೆ ಕಂಪನಿಗೆ ಆದೇಶ ಮಾಡಿತು.

ಹಾಗಾದರೆ ಬಿಸಿಲಿನಿಂದ ಕರೆಂಟ್ ಮಾಡಿದರೆ ಮುಗೀತಲ್ಲ, ಹೊಗೆಯಿಲ್ಲ, ಬೂದಿಯಿಲ್ಲ ಅಂತ ನಾವು ಅಂದುಕೊಳ್ತೇವೆ. ಅದು ಅರ್ಧ ಸರಿ. ಉಳಿದ ಅರ್ಧ ತಿಳಿಯಬೇಕಾದರೆ ನಾವಿರುವ ಚಿಕ್ಕಜಾಲದಿಂದ ಉತ್ತರಕ್ಕೆ, ತುಮಕೂರು ಜಿಲ್ಲೆಯ ಪಾವಗಡದ ಕಡೆ ನೋಡಬೇಕು.

ಅಲ್ಲಿ ತಿರುಮಣಿ, ವಳ್ಳೂರು ಮುಂತಾದ 5 ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಉಂಟು. 2018ರಲ್ಲಿ ಉದ್ಘಾಟನೆಯಾಯಿತು. ಸರಕಾರ ರೈತರ ಜಮೀನನ್ನು ಕಸಿದುಕೊಳ್ಳಲಿಲ್ಲ, 28 ವರ್ಷಕ್ಕೆ ಲೀಸಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂ., ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ. ಮಳೆ ನಂಬಿ ಶೇಂಗಾ ಬಿತ್ತಿ ಸೋತವರಿಗೆ ಇದು ದೊಡ್ಡ ಆಸರೆ. ಇದನ್ನು ಒಪ್ಪಲೇಬೇಕು.

ಆದರೆ ಅದೇ ಊರುಗಳಲ್ಲಿ ಜಮೀನಿಲ್ಲದವರೂ ಇದ್ದರು. ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿ, ಕುರಿ ಮೇಯಿಸಿ ಬದುಕಿದವರು. ದಲಿತರೇ ಹೆಚ್ಚು. ಹೊಲಕ್ಕೆ ಬೇಲಿ ಬಿತ್ತು. ಕೂಲಿ ಹೋಯಿತು, ಮೇವೂ ಹೋಯಿತು. ಲೀಸಿನ ಹಣದಲ್ಲಿ ಅವರಿಗೆ ಪಾಲಿಲ್ಲ. ಹುಲ್ಲು ಕತ್ತರಿಸುವ, ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ.

ನೀರು, ಮೇವು, ಬೆಂಕಿಯಲ್ಲಿ ಎಲ್ಲರಿಗೂ ಪಾಲುಂಟು ಅಂತ ಹದೀಸಿನ ಪಾಠವನ್ನು ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡ್ತೇವೆ. ಇವತ್ತಿನ ಬೆಂಕಿ ಅಂದರೆ ಕರೆಂಟ್ ಅಲ್ವಾ? ಪಾವಗಡದ ಕೂಲಿಯವನ ಮೇವು ಹೋಯಿತು, ಬೆಂಕಿಯಲ್ಲೂ ಪಾಲು ಬರಲಿಲ್ಲ.

ಇದು ಅಲ್ಲಿಗೇ ಮುಗಿಯುವುದಿಲ್ಲ. ಮನೆ ಮೇಲೆ ಸೋಲಾರ್ ಹಾಕಲು ಕೇಂದ್ರ ಸರಕಾರ 2024ರಿಂದ ಸೂರ್ಯ ಘರ್ ಯೋಜನೆಯಲ್ಲಿ 78,000 ರೂ. ತನಕ ಸಬ್ಸಿಡಿ ಕೊಡ್ತದೆ. ಯಾರಿಗೆ? ಸ್ವಂತ ಟೆರೇಸ್ ಇದ್ದವರಿಗೆ. ಊರಿಂದ ಬಂದು ಬೆಂಗಳೂರಿನ ಬೇಕರಿ, ಹೋಟೆಲುಗಳಲ್ಲಿ ದುಡಿದು ಬಾಡಿಗೆ ರೂಮಿನಲ್ಲಿ ಮಲಗುವ ನಮ್ಮ ಹುಡುಗರಿಗೆ ಟೆರೇಸ್ ಎಲ್ಲಿಂದ ಬರಬೇಕು? ಅಲ್ಲಿ ಜಮೀನಿಲ್ಲದವನು, ಇಲ್ಲಿ ಟೆರೇಸ್ ಇಲ್ಲದವನು. ಇಬ್ಬರೂ ಲೆಕ್ಕದಿಂದ ಹೊರಗೆ.

ಹಾಗಂತ ಸೋಲಾರ್ ಬೇಡ ಅನ್ನುವುದು ತಪ್ಪು. ಎಲ್ಲೂರು ಕಂಡವರು ಹಾಗೆ ಹೇಳಲಾರರು. ಸೋಲಾರ್ ಬೇಕು, ಅದರ ಲಾಭದ ಹಂಚಿಕೆಯೂ ಸರಿಯಾಗಬೇಕು. ಪಾವಗಡದ ಪಾರ್ಕನ್ನು ವಿಸ್ತರಿಸುವ ಮಾತು ಕೇಳಿಬರ್ತಾ ಉಂಟು. ಅದಕ್ಕೆ ಮೊದಲು ಪಹಣಿಯಲ್ಲಿ ಹೆಸರಿಲ್ಲದವರನ್ನೂ ಗ್ರಾಮಸಭೆಯಲ್ಲಿ ಕೂರಿಸಿ ಕೇಳಬೇಕು. ಕೆಲಸದಲ್ಲಿ ಅವರಿಗೆ ಮೊದಲ ಹಕ್ಕು ಕೊಡಬೇಕು, ಕುರಿಗಳಿಗೆ ಮೇವಿನ ಜಾಗ ಬಿಡಬೇಕು.

ಸರಕಾರಕ್ಕೆ ಹೇಳುವ ಮಾತನ್ನು ನಮ್ಮ ಜಮಾಅತ್‌ಗಳೂ ಪಾಲಿಸಬೇಕು. ಮಸೀದಿ, ಮದ್ರಸದ ಮೇಲೆ ಸೋಲಾರ್ ಹಾಕುವ ಕಮಿಟಿಯವರು ಬಿಲ್ಲಿನಲ್ಲಿ ಉಳಿಯುವ ಹಣ ಯಾವುದಕ್ಕೆ ಹೋಗಬೇಕು ಅಂತ ಮೊದಲೇ ತೀರ್ಮಾನಿಸಲಿ. ಆ ಸಭೆಗೆ ಮೊಹಲ್ಲಾದ ಬಾಡಿಗೆ ಮನೆಯವರನ್ನೂ, ರೂಮಿನ ಹುಡುಗರನ್ನೂ ಕರೆಯಲಿ.