ಸಾಲ ಮಾಡಿ ಓದಲು ಹೋದವನು ಊರು ಸುತ್ತಬಾರದೇ?

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ ನಮಗೆ ಫೋನ್ ತೋರಿಸಿದರು. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಓದುತ್ತಿದ್ದಾನೆ. ಸ್ಟೇಟಸ್‌ನಲ್ಲಿ ಅವನು ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಕೋಟೆಯ ಮುಂದೆ ಟೋಪಿ ಹಾಕಿಕೊಂಡು ನಿಂತಿದ್ದ. ಪಕ್ಕದಲ್ಲಿ ಕೂತಿದ್ದ ಅವರ ಊರಿನ ಹಿರಿಯರು ಒಮ್ಮೆ ಇಣುಕಿ ನೋಡಿದರು. "ಎರಡೆಕ್ರೆ ಅಡ ಇಟ್ಟು ಕಳ್ಸವ್ರೆ, ಇವ್ನು ದೇಸ ಸುತ್ತತಾ ಅವ್ನೆ" ಅಂದರು. ತಾಯಿ ಮಾತಾಡದೆ ಫೋನನ್ನು ಬ್ಯಾಗಿಗೆ ಹಾಕಿಕೊಂಡರು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಈ ಮಾತು ನಮಗೆ ಹೊಸದಲ್ಲ. ಮಕ್ಕಳು ಹೊರದೇಶಕ್ಕೆ ಓದಲು ಹೋಗುವುದು ಹೆಚ್ಚಾಗಿದೆ, ಅವರ ಫೋಟೊಗಳನ್ನು ನೋಡಿ ಲೆಕ್ಕ ಹಾಕುವವರೂ ಹೆಚ್ಚಾಗಿದ್ದಾರೆ. ಆದರೆ ಆ ಲೆಕ್ಕ ಬಹಳ ಸಲ ತಪ್ಪಾಗಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಸರಿಯಾದ ಲೆಕ್ಕ ಹೀಗಿದೆ, ನೋಡಿ.

ಜರ್ಮನಿಗೆ ಓದಲು ಹೋಗುವ ವಿದ್ಯಾರ್ಥಿ ವರ್ಷದ ಖರ್ಚಿಗೆ ದುಡ್ಡಿದೆ ಎಂದು ವೀಸಾಕ್ಕೆ ಮೊದಲೇ ತೋರಿಸಬೇಕು. ಹೆಚ್ಚಿನವರು 11,904 ಯೂರೋವನ್ನು ಒಂದು ಖಾತೆಯಲ್ಲಿ ಇಡುತ್ತಾರೆ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಯೂರೋ ಒಂದಕ್ಕೆ ನೂರು ರೂಪಾಯಿ ಆಸುಪಾಸು ಅಂದುಕೊಳ್ಳಿ. ಕೇಳಲು ಲಕ್ಷ ರೂಪಾಯಿ, ಆದರೆ ಬಾಡಿಗೆ, ಆರೋಗ್ಯ ವಿಮೆ, ದಿನಸಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ.

ಹಾಗಾದರೆ ಆ ಹುಡುಗ ಬೇರೆ ದೇಶಕ್ಕೆ ಹೋಗಿದ್ದು ಹೇಗೆ? ಜರ್ಮನಿಯಲ್ಲಿ 2023ರ ಮೇ ತಿಂಗಳಿಂದ 'ಡಾಯ್ಚ್‌ಲ್ಯಾಂಡ್ ಟಿಕೆಟ್' ಎಂಬ ತಿಂಗಳ ಪಾಸ್ ಇದೆ. ಶುರುವಿನಲ್ಲಿ 49 ಯೂರೋ ಇತ್ತು, 2026ರ ಜನವರಿಯಿಂದ 63 ಆಗಿದೆ. ಅನೇಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಕಡಿಮೆಗೆ ಸಿಗುತ್ತದೆ. ಊರೊಳಗಿನ ಬಸ್ಸು, ಮೆಟ್ರೊ, ದೇಶವಿಡೀ ಓಡುವ ಸಾಧಾರಣ ರೈಲು, ಎಲ್ಲಕ್ಕೂ ಅದೊಂದೇ ಪಾಸ್. ಅತಿ ವೇಗದ ರೈಲಿಗೆ ಮಾತ್ರ ನಡೆಯುವುದಿಲ್ಲ. ಮ್ಯೂನಿಕ್‌ನಿಂದ ಸಾಲ್ಸ್‌ಬರ್ಗ್ ಗಡಿ ದಾಟಿದ ಕೂಡಲೇ ಸಿಗುವ ಊರು, ಹೆಚ್ಚೂಕಡಿಮೆ ಬೆಂಗಳೂರಿನಿಂದ ಮೈಸೂರಿನಷ್ಟು ದೂರ. ಅಲ್ಲಿನ ಸ್ಟೇಷನ್ನಿನ ತನಕ ಈ ಪಾಸ್ ನಡೆಯುತ್ತದೆ. ಅಂದರೆ ಕಾಲೇಜಿಗೆ ಹೋಗಲು ಹೇಗೂ ತೆಗೆದುಕೊಂಡಿದ್ದ ಪಾಸಿನಲ್ಲೇ ಅವನು ಭಾನುವಾರ ಹೋಗಿಬಂದ. ರೈಲಿಗೆ ಹೆಚ್ಚಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಬುತ್ತಿಗೆ ಚಪಾತಿ, ಅಮ್ಮ ಕಳಿಸಿದ್ದ ಚಟ್ನಿಪುಡಿ. ಕುಡಿಯಲು ನಲ್ಲಿ ನೀರು.

ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಕಾಲೇಜು, ಪಾರ್ಟ್‌ಟೈಮ್ ಕೆಲಸ, ಒಂದು ಸಣ್ಣ ಕೋಣೆ. ಮಾತಾಡಲು ಕನ್ನಡದವರು ಸಿಗುವುದೇ ಅಪರೂಪ. ಅಂಥ ಕಡೆ ತಿಂಗಳಿಗೊಂದು ದಿನ ಹೊರಗೆ ಹೋಗಿ ಬರುವುದು ಶೋಕಿಯಲ್ಲ. ಮನಸ್ಸು ಕುಗ್ಗದಂತೆ ಉಳಿಸಿಕೊಳ್ಳುವ ದಾರಿ.

ಹಾಗೆಂದು ಮಕ್ಕಳು ಮಾಡಿದ್ದೆಲ್ಲ ಸರಿ ಎಂದು ನಾವು ಹೇಳುತ್ತಿಲ್ಲ. ಗೆಳೆಯರು ಹೊರಟರು ಅಂತ ಹಿಂದಿನ ದಿನ ಟಿಕೆಟ್ ಮಾಡುವುದು, ಪರೀಕ್ಷೆ ಬಾಕಿ ಇರುವಾಗ ವಾರಗಟ್ಟಲೆ ತಿರುಗುವುದು, ಇವು ತಪ್ಪೇ. ಕಡಿಮೆ ದರದ ವಿಮಾನ ಅಂತ ಹಾರಿದರೆ ಬ್ಯಾಗಿಗೆ ಬೇರೆ ದುಡ್ಡು ಕೀಳುತ್ತಾರೆ. ಆ ವಿಮಾನ ಇಳಿಯುವ ಜಾಗ ಎಲ್ಲಿದೆ ಎಂದೂ ನೋಡಬೇಕು. ಫ್ರಾಂಕ್‌ಫರ್ಟ್ ಹೆಸರಿಟ್ಟುಕೊಂಡ ಹಾನ್ ವಿಮಾನ ನಿಲ್ದಾಣ ಆ ಊರಿನಿಂದ ಸುಮಾರು 120 ಕಿ.ಮೀ. ಆಚೆ ಇದೆ. ಮಂಡ್ಯದಿಂದ ಬೆಂಗಳೂರಿಗಿಂತ ದೂರ!

ಇನ್ನೂ ಕೆಲವು ಸಂಗತಿ ನೆನಪಿರಲಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಬ್ರೆಡ್ಡು ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಆ ತಿಂಗಳ ಪಾಸ್ ಬೇಡವಾದರೆ 10ನೇ ತಾರೀಖಿನೊಳಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಮುಂದಿನ ತಿಂಗಳದ್ದೂ ಖಾತೆಯಿಂದ ಕಡಿತವಾಗುತ್ತದೆ. ಜರ್ಮನಿಯ ವಾಸದ ಪರವಾನಗಿ ಇದ್ದವರು ಷೆಂಗೆನ್ ಒಪ್ಪಂದದ ಇತರ ದೇಶಗಳಲ್ಲಿ 180 ದಿನಗಳಲ್ಲಿ 90 ದಿನದ ತನಕ ಇರಬಹುದು. ಆದರೆ ಪಾಸ್‌ಪೋರ್ಟು, ಪರವಾನಗಿ ಕಾರ್ಡು ಎರಡೂ ಜೇಬಿನಲ್ಲಿರಬೇಕು. ಇಂಗ್ಲೆಂಡು, ಐರ್ಲೆಂಡು ಈ ಒಪ್ಪಂದದಲ್ಲಿಲ್ಲ, ಅವಕ್ಕೆ ಬೇರೆ ವೀಸಾ.

ಹೊರದೇಶದಲ್ಲಿರುವ ತಮ್ಮ ತಂಗಿಯರಿಗೆ ನಮ್ಮದು ಒಂದು ಕೋರಿಕೆ. ಸಾಲದ ದುಡ್ಡು ಮುಟ್ಟಬೇಡಿ, ದುಡಿದದ್ದರಲ್ಲಿ ಸುತ್ತಿ. ಸ್ಟೇಟಸ್ ಹಾಕುವ ಮೊದಲು ಅಪ್ಪ ಅಮ್ಮನಿಗೆ ಫೋನ್ ಮಾಡಿ, ಎಷ್ಟು ಖರ್ಚಾಯಿತು ಅಂತ ಬಾಯಿಬಿಟ್ಟು ಹೇಳಿ. "ಒಂಬೈನೂರು ರೂಪಾಯಲ್ಲಿ ಮುಗೀತು ಕಣವ್ವ" ಅಂದರೆ ಆ ತಾಯಿ ಬಸ್ ಸ್ಟ್ಯಾಂಡಿನಲ್ಲಿ ತಲೆ ಎತ್ತಿ ಉತ್ತರ ಕೊಡುತ್ತಾರೆ.

ಅವತ್ತು ನಾವು ಅವರನ್ನೇ ಕೇಳಿದೆವು, "ಅವ್ವ, ನೀವು ಗಗನಚುಕ್ಕಿ ನೋಡಿದ್ದೀರಾ?" "ಮದ್ವೆ ಆದ ವರ್ಸ ಒಂದ್ಸಲ ಹೋಗಿದ್ದೆ ಕನಪ್ಪ. ಆಮೇಲೆಲ್ಲಿ?" ಅಂದರು. ಗಗನಚುಕ್ಕಿ ಇರುವುದು ಅವರದೇ ತಾಲ್ಲೂಕಿನಲ್ಲಿ. ಅಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ. ಶಿವಪುರದಲ್ಲಿ 1938ರ ಧ್ವಜ ಸತ್ಯಾಗ್ರಹದ ಸೌಧವಿದೆ. ಮಳವಳ್ಳಿಯಿಂದ ಹೊರಟರೆ ಸೋಮನಾಥಪುರದ ಗುಡಿಯೂ ದೂರವಿಲ್ಲ. 2023ರಲ್ಲಿ ಅದು ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮವರೇ ಎಷ್ಟು ಜನ ಇವನ್ನೆಲ್ಲ ನೋಡಿದ್ದೇವೆ?

ದುಡ್ಡಿಲ್ಲ ಎನ್ನುವ ಮಾತು ಈಗ ಅರ್ಧ ಮಾತ್ರ ನಿಜ. ಯೂರೋಪಿನ ಲಕ್ಸೆಂಬರ್ಗ್ 2020ರಲ್ಲಿ ಬಸ್ಸು, ರೈಲು, ಟ್ರಾಮು ಎಲ್ಲವನ್ನೂ ಎಲ್ಲರಿಗೂ ಉಚಿತ ಮಾಡಿತು. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ.  ಮದ್ದೂರು, ಮಂಡ್ಯದವರಿಗೆ ಕಡಿಮೆ ದರದ ಪ್ಯಾಸೆಂಜರ್ ರೈಲೂ ಇದೆ. ಮಳವಳ್ಳಿಗೆ ಇನ್ನೂ ರೈಲೇ ಇಲ್ಲ.

ಹಾಗಿದ್ದೂ ಆ ತಾಯಿ ಹೋಗುವುದಿಲ್ಲ. ಹಸು ಕರೆಯುವ ಹೊತ್ತಿಗೆ ಮನೆಗೆ ಬರಬೇಕು. ಹಳ್ಳಿ ಕಡೆಗೆ ಕೊನೇ ಬಸ್ ಎಷ್ಟು ಗಂಟೆಗೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರನ್ನು ಕೇಳಿದರೆ ಎರಡು ಉತ್ತರ. ಹೆದ್ದಾರಿಯಿಂದ ಕೊಕ್ಕರೆ ಬೆಳ್ಳೂರಿಗೆ ಹದಿಮೂರು ಕಿ.ಮೀ. ಒಳಗೆ ಹೋಗಬೇಕು. ಬಸ್ ತಪ್ಪಿದರೆ ಆಟೊಗೆ ಕೊಡುವ ದುಡ್ಡಿನಲ್ಲಿ ಉಚಿತ ಟಿಕೆಟ್ಟಿನ ಉಳಿತಾಯವೆಲ್ಲ ಕರಗುತ್ತದೆ. ಮಗನಿಗೆ ಯಾವ ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಫೋನಿನಲ್ಲೇ ಗೊತ್ತಾಗುತ್ತದೆ. ತಾಯಿಗೆ ಬೋರ್ಡಿನಲ್ಲೂ ಗೊತ್ತಾಗುವುದಿಲ್ಲ.

ಭಾನುವಾರದ ಮಟ್ಟಿಗಾದರೂ ಮಳವಳ್ಳಿಯಿಂದ ಗಗನಚುಕ್ಕಿಗೆ, ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿಗೆ ಹೋಗಿಬರುವ ಬಸ್ಸಿನ ವೇಳೆ ಗೊತ್ತುಮಾಡಿ ದೊಡ್ಡದಾಗಿ ಬರೆದು ಹಾಕಲಿ. ಹೋದ ಕಡೆ ಹೆಣ್ಣುಮಕ್ಕಳಿಗೆ ನೀರಿರುವ ಶೌಚಾಲಯ ಇರಲಿ. ನಿಮ್ಮ ಊರಿಗೆ ಯಾವ ಹೊತ್ತಿನ ಬಸ್ ಬೇಕು ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಡಿಪೊಗೆ ಅರ್ಜಿ ಕೊಡಿ. ಹೊರದೇಶದಲ್ಲಿ ಮಗನೋ ಮಗಳೋ ಇದ್ದರೆ, ಈ ಭಾನುವಾರ ಫೋನ್ ಮಾಡಿದಾಗ ಬೈಯುವ ಮೊದಲು ಖರ್ಚು ಎಷ್ಟಾಯಿತು, ಹೇಗೆ ಹೊಂದಿಸಿದೆ ಎಂದು ಕೇಳಿ ನೋಡಿ.