ಮಕ್ಕಳು ಮಾಂಸ ಬಿಟ್ಟೆವೆಂದಾಗ

ಪ್ರತಿವರ್ಷ ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಹಳ್ಳಿಗಳಿಂದ ಅನೇಕ ಮಕ್ಕಳು ಓದಿಗಾಗಿ ಹುಬ್ಬಳ್ಳಿ-ಧಾರವಾಡದತ್ತ ಹೊರಡುತ್ತಾರೆ. ಶಿರಸಿ, ಮುಂಡಗೋಡ ಕಡೆಯಿಂದ ತಡಸದ ಮೇಲೆ ಸಾಗುವ ಬಸ್ಸುಗಳು ಗಬ್ಬೂರಿನ ಬಳಿ ನಗರವನ್ನು ಸೇರುತ್ತವೆ. ಅಲ್ಲಿಂದ ಮುಂದೆ ವಸತಿನಿಲಯದ ಊಟ, ಹೊಸ ಗೆಳೆತನ, ಹೊಸ ಓದು, ಮೊಬೈಲಿನಲ್ಲಿ ಕಾಣುವ ಕಸಾಯಿಖಾನೆಯ ದೃಶ್ಯಗಳು. ದೀಪಾವಳಿಗೆ ಊರಿಗೆ ಮರಳಿದ ಹದಿನಾರರ ಹುಡುಗಿಯೋ ಹದಿನೇಳರ ಹುಡುಗನೋ ಊಟಕ್ಕೆ ಕುಳಿತಾಗ, "ಅಮ್ಮಾ, ನಾನಿನ್ನು ಮಾಂಸ, ಮೀನು ತಿನ್ನುವುದಿಲ್ಲ" ಎನ್ನುವ ಪ್ರಸಂಗ ನಮ್ಮ ಮನೆಗಳಿಗೆ ಈಗ ತೀರ ಅಪರಿಚಿತವಲ್ಲ. ಪರಿಸರದ ಕೆಲಸ ಮಾಡುವ ನಾವು ಇದನ್ನು ಮನೆಯೊಳಗಿನ ಸಣ್ಣ ಜಗಳವೆಂದು ಬಿಟ್ಟುಬಿಡುವಂತಿಲ್ಲ. ಏಕೆಂದರೆ ಇಂಥ ಮಕ್ಕಳಲ್ಲಿ ಹಲವರು ಕೊಡುವ ಕಾರಣ ಪರಿಸರವೇ ಆಗಿದೆ.

ಪಶ್ಚಿಮದ ದೇಶಗಳಲ್ಲಿ ಮಗು ಹೀಗೆಂದರೆ ಬಹುಪಾಲು ಮನೆಗಳಿಗೆ ಅದು ಅಡುಗೆಯ ತೊಡಕು ಮಾತ್ರ. ನಮ್ಮಲ್ಲಿ ಹಾಗಲ್ಲ. ಯಾರು ಏನು ತಿನ್ನುತ್ತಾರೆ ಎಂಬುದರ ಮೇಲೆ ಅವರನ್ನು ಮೇಲು ಕೀಳೆಂದು ಅಳೆದ ಸಮಾಜ ನಮ್ಮದು. ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಎದುರಾಗುವ ಪ್ರಶ್ನೆ, ಶಾಲೆಯಲ್ಲಿ ಬುತ್ತಿ ಬಿಚ್ಚುವಾಗಿನ ಅಳುಕು, ಇವನ್ನೆಲ್ಲ ಉಂಡೇ ಹಿರಿಯರು ಬದುಕಿದ್ದಾರೆ. ಆದ್ದರಿಂದ ಮಗಳು "ನಾನು ತಿನ್ನುವುದಿಲ್ಲ" ಎಂದಾಗ ತಾಯಿಯ ಕಿವಿಗೆ "ನೀವು ತಿನ್ನುವುದು ಹೇಸಿಗೆಯದು" ಎಂದು ಕೇಳಿಸುವುದು ಸಹಜ. ತಂದೆ ಸಿಟ್ಟಾಗುವುದು ಕೋಳಿಸಾರಿನ ಕಾರಣಕ್ಕಲ್ಲ. ಓದಲು ಕಳಿಸಿದ ಮಗು ತನ್ನ ಮನೆಯ ಬಗೆಗೆ ನಾಚಿಕೆಪಡುವುದನ್ನು ಕಲಿತು ಬಂದಿತೇ ಎಂಬ ಭಯಕ್ಕಾಗಿ. ಈ ಭಯ ನಿರಾಧಾರವೆಂದು ಯಾರೂ ಹೇಳಲಾರರು.

ನನ್ನ ಅಭಿಪ್ರಾಯ ಇಷ್ಟು. ಮಾಂಸ ಬಿಡುವ ಮಗುವಿನ ನಿರ್ಧಾರವನ್ನು ಮನೆಯವರು ಗೌರವಿಸಬೇಕು; ಆ ಮಗುವೂ ತನ್ನ ನಿರ್ಧಾರವನ್ನು ಮೇಲು ಕೀಳಿನ ಹಳೆಯ ತಕ್ಕಡಿಯಿಂದ ಕೆಳಗಿಳಿಸಿ, ಕೇವಲ ತನ್ನ ತಟ್ಟೆಯ ಮಾತಾಗಿ ಇಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಜಗಳ ಉಳಿಯುತ್ತದೆ, ಅರ್ಥ ಹೋಗುತ್ತದೆ.

ಹಿರಿಯರಿಗೆ ಮೊದಲು ಒಂದು ಮಾತು. ನಮ್ಮ ಮನೆಗಳಿಗೆ ಈ ಬಗೆಯ ವಿರತಿ ಹೊಸದೇನಲ್ಲ. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಸೋಮವಾರ ಒಲೆಯ ಮೇಲೆ ಬಾಡು ಏರುವುದಿಲ್ಲ; ಶ್ರಾವಣ ಮಾಸವಿಡೀ ಬಿಡುವವರಿದ್ದಾರೆ. ಪಂಢರಪುರದ ವಾರಕರಿಗಳಾಗಿ ತುಳಸಿಮಾಲೆ ಹಾಕಿಸಿಕೊಂಡವರು ಬದುಕಿನುದ್ದಕ್ಕೂ ಮಾಂಸ ಮುಟ್ಟುವುದಿಲ್ಲ. ಅದೇ ಮನೆಯ ಉಳಿದವರು ತಿನ್ನುತ್ತಾರೆ. ಅಯ್ಯಪ್ಪನ ಮಾಲೆ ಧರಿಸಿದ ಮಗನಿಗಾಗಿ ನಲವತ್ತೊಂದು ದಿನ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿದ ತಾಯಂದಿರು ನಮ್ಮೂರುಗಳಲ್ಲೇ ಇದ್ದಾರೆ. ಅಂಥ ಮಾಲೆಯ ಹಿಂದೆ ದೇವರಿದ್ದಾನೆ, ಆದ್ದರಿಂದ ಯಾರೂ ಪ್ರಶ್ನಿಸುವುದಿಲ್ಲ. ಮಗಳ ಮಾತಿನ ಹಿಂದೆ ಇರುವುದು ಅವಳ ಮನಸ್ಸು ಮಾತ್ರ. ದೇವರ ಹೆಸರಿನಲ್ಲಿ ಒಪ್ಪಿಕೊಂಡ ನಿಯಮವನ್ನು ಮಗಳ ಮನಸ್ಸಿನ ಹೆಸರಿನಲ್ಲಿ ಒಪ್ಪದಿರುವುದು ನ್ಯಾಯವೇ?

ಇನ್ನು ಮಕ್ಕಳಿಗೆ. ಪರಿಸರಕ್ಕಾಗಿ ಮಾಂಸ ಬಿಡುವೆನೆನ್ನುವವರು ಲೆಕ್ಕವನ್ನು ಪೂರ್ತಿ ಮಾಡಬೇಕು. ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,000 ಕೃಷಿಕ್ಷೇತ್ರಗಳ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನ ಕೃಷಿಭೂಮಿಯಲ್ಲಿ ಶೇಕಡಾ 83ರಷ್ಟು ಮಾಂಸ, ಹಾಲು, ಮೊಟ್ಟೆ ಮತ್ತು ಸಾಕಿದ ಮೀನಿಗಾಗಿ ಬಳಕೆಯಾಗುತ್ತದೆ. ಅವುಗಳಿಂದ ಮನುಷ್ಯನಿಗೆ ದೊರೆಯುವ ಕ್ಯಾಲೊರಿ ಶೇಕಡಾ 18 ಮಾತ್ರ. ಇದು ಗಂಭೀರವಾದ ಮಾತು. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ತೋರಿಸುತ್ತದೆ: ಒಂದು ಕಿಲೋ ಕೋಳಿಮಾಂಸಕ್ಕಿಂತ ಒಂದು ಕಿಲೋ ಚೀಸ್ ಹೆಚ್ಚು ಹಸಿರುಮನೆ ಅನಿಲಕ್ಕೆ ಕಾರಣವಾಗುತ್ತದೆ. ಹಸು, ಎಮ್ಮೆ ಮೆಲುಕು ಹಾಕುವಾಗ ಹೊರಬರುವ ಮೀಥೇನ್, ಅವುಗಳ ಹಾಲು ಸಸ್ಯಾಹಾರಿಯ ಲೋಟ ಸೇರಿತೆಂದು ಕಡಿಮೆಯಾಗುವುದಿಲ್ಲ. ನೀರು ನಿಂತ ಭತ್ತದ ಗದ್ದೆಯೂ ಮೀಥೇನ್ ಬಿಡುತ್ತದೆ. ಹಾಲು ಕುಡಿಯುವವರು ಗಂಡುಕರುವಿನ ಗತಿಯೇನು ಎಂಬ ಪ್ರಶ್ನೆಯಿಂದಲೂ ಪಾರಾಗಲಾರರು.

ಎಲ್ಲ ಮಾಂಸವೂ ಒಂದೇ ಅಲ್ಲ ಎಂಬುದನ್ನೂ ತಿಳಿಯಬೇಕು. ತಡಸದಿಂದ ಗಬ್ಬೂರಿನವರೆಗೆ ಬಸ್ಸಿನ ಕಿಟಕಿಯಿಂದ ನೋಡುವ ವಿದ್ಯಾರ್ಥಿಗೆ ಮಳೆಗಾಲದಲ್ಲಿ ಗೋವಿನಜೋಳದ ಹೊಲಗಳು ಕಾಣುತ್ತವೆ. ಸಾವೆ, ನವಣೆಗಳ ಜಾಗವನ್ನು ಹಲವೆಡೆ ಆಕ್ರಮಿಸಿದ ಈ ಬೆಳೆಯ ದೊಡ್ಡ ಪಾಲು ಕೋಳಿಯ ಮೇವಾಗುತ್ತದೆ. ಸುಮಾರು ಆರು ವಾರಗಳಲ್ಲಿ ಮಾರಾಟಕ್ಕೆ ಸಿದ್ಧವಾಗುವ ಫಾರಂ ಕೋಳಿ ಒಂದು ಕಿಲೋ ತೂಗಲು ಒಂದೂವರೆ ಕಿಲೋಗಿಂತ ಹೆಚ್ಚು ಮೇವು ತಿನ್ನುತ್ತದೆ. ಹಿತ್ತಿಲಲ್ಲಿ ಹುಳುಹುಪ್ಪಟೆ, ಚೆಲ್ಲಿದ ಅಕ್ಕಿ ಹೆಕ್ಕಿ ಬೆಳೆಯುವ ನಾಟಿಕೋಳಿ, ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನು, ಗದ್ದೆಯಂಚಿನ ಏಡಿ ಇವುಗಳ ಲೆಕ್ಕ ಬೇರೆ. ಅಜ್ಜಿಯ ಏಡಿಸಾರನ್ನು ಪರಿಸರದ್ರೋಹವೆಂದು ಕರೆದು, ವಸತಿನಿಲಯದಲ್ಲಿ ಪನೀರು, ಚೀಸ್ ತಿನ್ನುವುದು ವಿಜ್ಞಾನವೂ ಅಲ್ಲ, ವಿವೇಕವೂ ಅಲ್ಲ. ಹಳ್ಳದ ಮೀನಿಗೆ ಮುಳುವಾದದ್ದು ಅಜ್ಜಿಯ ಕೂಳಿಯಲ್ಲ. ತೋಟ ಗದ್ದೆಗಳಿಂದ ಹರಿದು ಬರುವ ವಿಷ ಮತ್ತು ಮದ್ದು ಹಾಕಿ ಮೀನು ಹಿಡಿಯುವವರ ದುರಾಸೆ. ಪ್ರಾಣಿಯನ್ನು ಕೊಲ್ಲುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ ಎಂಬುದು ಕಾರಣವಾಗಿದ್ದರೆ ಅದನ್ನೇ ನೇರವಾಗಿ ಹೇಳಿರಿ. ಅದಕ್ಕೆ ಅಂಕಿಸಂಖ್ಯೆಯ ಊರುಗೋಲು ಬೇಕಿಲ್ಲ.

ತಾಯಿ ಕೇಳುವ ಮೊದಲ ಪ್ರಶ್ನೆ, "ಹಾಗಾದರೆ ನಿನಗೆ ಶಕ್ತಿ ಎಲ್ಲಿಂದ ಬರಬೇಕು?" ಎಂಬುದು. ಇದನ್ನು ಅಜ್ಞಾನವೆಂದು ತಳ್ಳಿಹಾಕಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದಂತೆ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅದೇ ವಯಸ್ಸಿನ ಹುಡುಗನಿಗೆ 26. ಬರಿಯ ಅನ್ನ, ತಿಳಿಸಾರು, ಉಪ್ಪಿನಕಾಯಿ ಉಂಡು ಇದನ್ನು ತಲುಪಲಾಗದು. ಸಾರಿನಿಂದ ಮೀನಿನ ತುಂಡು ತೆಗೆದರೆ ಅದು ಸಸ್ಯಾಹಾರವಾಗುವುದಿಲ್ಲ, ಅರೆಹೊಟ್ಟೆಯಾಗುತ್ತದೆ.

ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಅದರಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಊಟದೊಡನೆ ನಿಂಬೆ, ನೆಲ್ಲಿ, ಪೇರಲೆ ಇದ್ದರೆ ಇನ್ನೂ ಒಳಿತು. ಉಂಡ ಕೂಡಲೇ ಚಹಾ ಕುಡಿದರೆ ಈ ಲಾಭದಲ್ಲಿ ಬಹುಪಾಲು ನಷ್ಟ. ನುಗ್ಗೆ, ಹರಿವೆ, ಬಸಳೆ ನಮ್ಮ ಹಿತ್ತಿಲಲ್ಲಿವೆ. ಧಾರವಾಡದ ಕಡೆಯ ಶೇಂಗಾ, ಅಗಸೆ, ಗುರೆಳ್ಳಿನ ಚಟ್ನಿಪುಡಿಗಳನ್ನು ವಸತಿನಿಲಯದಲ್ಲೂ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು. ಬಿ12 ಎಂಬ ಜೀವಸತ್ವ ಮಾತ್ರ ಸಸ್ಯಗಳಲ್ಲಿ ನೆಚ್ಚುವಷ್ಟು ದೊರೆಯುವುದಿಲ್ಲ. ಹಾಲು, ಮೊಸರು, ಮೊಟ್ಟೆ ತಿನ್ನುವವರಿಗೆ ಅವುಗಳಿಂದ ಬರುತ್ತದೆ; ಅವನ್ನೂ ಬಿಡುವವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಎಸೆಯಬಾರದು. ಹಾಗೆಯೇ, ತೆಳ್ಳಗಾಗಬೇಕೆಂಬ ಆಸೆಗೆ ಸಸ್ಯಾಹಾರದ ಮುಸುಕು ಹಾಕುವ ಮಕ್ಕಳೂ ಇರುತ್ತಾರೆ. ಮಾಂಸ ಬಿಟ್ಟ ಮಗಳು ಕಾಳು, ತುಪ್ಪಗಳನ್ನೂ ದೂರವಿಟ್ಟರೆ ತಂದೆತಾಯಿ ಎಚ್ಚರಗೊಳ್ಳಬೇಕು.

ಈ ಗೌರವ ಒಂದೇ ದಿಕ್ಕಿಗೆ ಹರಿದರೆ ಅದು ಗೌರವವಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂಬ ಏರ್ಪಾಡಿನೊಡನೆ ಯೋಜನೆ ಮುಂದುವರಿದು ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಒಂದೇ ಪಂಕ್ತಿಯಲ್ಲಿ ಒಬ್ಬನ ಕೈಯಲ್ಲಿ ಮೊಟ್ಟೆ, ಇನ್ನೊಬ್ಬಳ ಕೈಯಲ್ಲಿ ಬಾಳೆಹಣ್ಣು: ಮಕ್ಕಳು ಇದನ್ನು ದೊಡ್ಡವರಿಗಿಂತ ಸುಲಭವಾಗಿ ನಿಭಾಯಿಸಿದ್ದಾರೆ. ಮಾಂಸದ ಮನೆಯ ಮಗಳು ಸಸ್ಯಾಹಾರಿಯಾದಾಗ "ಸುಧಾರಿಸಿದಳು" ಎಂದು ಹೊಗಳುವವರು, ಸಸ್ಯಾಹಾರಿ ಮನೆಯ ಮಗ ಮೊಟ್ಟೆ ತಿಂದಾಗ "ಕೆಟ್ಟ" ಎನ್ನುವುದಾದರೆ, ಅವರು ಹೊಗಳಿದ್ದು ಮಗಳನ್ನಲ್ಲ, ಜಾತಿಯನ್ನು.

ಹೇಳುವುದು ಹೇಗೆ ಎಂದು ಕೇಳುವ ಮಕ್ಕಳಿಗೆ ನನ್ನ ಸಲಹೆ ಸರಳ. ನೆಂಟರು ಸೇರಿದ ಹಬ್ಬದ ಪಂಕ್ತಿಯಲ್ಲಿ ಘೋಷಿಸಬೇಡಿ. ಅಡುಗೆ ಮಾಡುವವರಿಗೆ ಮುಂಚಿತವಾಗಿ, ಏಕಾಂತದಲ್ಲಿ ತಿಳಿಸಿರಿ. ನಿಮ್ಮ ಕಾರಣ ಹೇಳಿರಿ, ಅವರ ಊಟವನ್ನು ಅಳೆಯಬೇಡಿ. ಅಮ್ಮನ ಮೇಲೆ ಎರಡನೆಯ ಅಡುಗೆಯ ಹೊರೆ ಹೊರಿಸಬೇಡಿ. ಗಂಡುಮಕ್ಕಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ರಾತ್ರಿ ಹುರುಳಿ ನೆನೆಹಾಕುವುದು, ಬೆಳಿಗ್ಗೆ ಸೊಪ್ಪು ಕೊಯ್ದು ಬಿಡಿಸುವುದು, ನಿಮ್ಮ ಪಲ್ಯವನ್ನು ನೀವೇ ಒಗ್ಗರಿಸುವುದು ನಿಮ್ಮ ಕೆಲಸವಾಗಲಿ. ಒಂದು ತಿಂಗಳು ಹೀಗೆ ನಡೆದರೆ ನಿಮ್ಮ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ. ನಮ್ಮ ಶಿಬಿರಗಳಲ್ಲಿಯೂ ಅರಣ್ಯ, ಹೊಳೆಗಳ ಪಾಠದೊಡನೆ ಒಂದು ದಿನದ ಅಡುಗೆಯನ್ನು ವಿದ್ಯಾರ್ಥಿಗಳಿಗೇ ವಹಿಸೋಣ. ಕಾಳಿನ ಸಾರೂ ಮೀನಿನ ಸಾರೂ ಒಂದೇ ಪಂಕ್ತಿಯಲ್ಲಿ ಬಡಿಸಲ್ಪಡಲಿ.