ಬೊಗಳುವ ನಾಯಿಗೂ ಒಂದು ಕಾರಣ ಇರುತ್ತೆ

ನಾಯಿ ಬೊಗಳೋದನ್ನ ನಿಲ್ಲಿಸೋದು ಹೇಗೆ ಅಂತ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ಕೋಲು ತೋರಿಸಿ ಅಂತಾರೆ, ಇನ್ನೊಬ್ಬರು ನೀರು ಎರಚಿ ಅಂತಾರೆ. ಕರೆಂಟ್ ಶಾಕ್ ಕೊಡುವ ಬೆಲ್ಟ್ ಆನ್‌ಲೈನ್‌ನಲ್ಲಿ ಸಿಗುತ್ತೆ ಅಂತ ಮತ್ತೊಬ್ಬರು ಲಿಂಕ್ ಕಳಿಸುತ್ತಾರೆ. ಅದು ಯಾಕೆ ಬೊಗಳುತ್ತಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಬೊಗಳುವುದು ದೊಡ್ಡ ಸಮಸ್ಯೆಯೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಬಿ.ಇ. ಓದುತ್ತಿದ್ದೇನೆ. ನನ್ನ ಕಿಟಕಿಗೂ ಪಕ್ಕದ ಮನೆ ಗೇಟಿಗೂ ಹತ್ತು ಅಡಿ ದೂರ. ಆ ಗೇಟಿಗೆ ಕಟ್ಟಿಹಾಕಿರುವ ಲ್ಯಾಬ್ರಡಾರ್ ರಾತ್ರಿ ಹನ್ನೊಂದಕ್ಕೆ ಶುರು ಮಾಡಿದರೆ ಒಂದೂವರೆವರೆಗೂ ಬಿಡುವಿಲ್ಲ. ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಕೇಳುತ್ತಾ ಲೆಕ್ಕ ಬಿಡಿಸುವ ಕಷ್ಟ ನನಗೆ ಗೊತ್ತು.

ಆದರೆ ನಮ್ಮೂರಲ್ಲೂ ನಾಯಿ ಇದೆ. ಬೆಳಿಗ್ಗೆ ಅಪ್ಪನ ಹಿಂದೆ ಮೆಕ್ಕೆಜೋಳದ ಹೊಲಕ್ಕೆ ಹೋದರೆ ಸಂಜೆಯೇ ಬರುವುದು. ಅಲ್ಲಿ ಓಡುತ್ತೆ, ಮೂಸುತ್ತೆ, ಇಲಿ ಅಟ್ಟುತ್ತೆ. ರಾತ್ರಿ ಅಪರಿಚಿತರು ಬಂದರೆ ನಾಲ್ಕು ಸಲ ಬೊಗಳಿ ಮಲಗುತ್ತೆ. ಸಿಟಿ ನಾಯಿಗೆ ಸಿಗುವುದು ನಾಲ್ಕಡಿ ಸರಪಳಿ, ಎರಡು ಹೊತ್ತು ಊಟ. ದಿನವಿಡೀ ಬೇರೆ ಕೆಲಸವೇ ಇಲ್ಲದಿದ್ದರೆ ಅದು ಬೊಗಳದೆ ಇನ್ನೇನು ಮಾಡಬೇಕು?

ಬೊಗಳೋದು ನಾಯಿಗೆ ಲಾಭದ ವ್ಯವಹಾರವೂ ಹೌದು. ಕೊರಿಯರ್ ಹುಡುಗ ಗೇಟಿಗೆ ಬರುತ್ತಾನೆ, ನಾಯಿ ಬೊಗಳುತ್ತೆ, ಅವನು ಪಾರ್ಸೆಲ್ ಕೊಟ್ಟು ಹೊರಡುತ್ತಾನೆ. ಅವನು ಹೋಗಿದ್ದು ತನ್ನ ಕೆಲಸ ಮುಗಿಯಿತು ಅಂತ. ನಾಯಿಗೆ ಕಾಣುವುದು ‘ನಾನು ಬೊಗಳಿದೆ, ಅವನು ಓಡಿದ’ ಅಂತ. ಊಟಕ್ಕಾಗಿ ಬೊಗಳಿದಾಗ ಬಿಸ್ಕೆಟ್ ಎಸೆದರೂ ಇದೇ ಪಾಠ. ನಾಲ್ಕು ದಿನ ಕಂಡೂ ಕಾಣದಂತಿದ್ದು ಐದನೇ ದಿನ ಸೋತು ಕೊಟ್ಟರಂತೂ ಇನ್ನೂ ಕೆಟ್ಟದ್ದು. ಹೆಚ್ಚು ಹೊತ್ತು ಬೊಗಳಿದರೆ ಸಿಕ್ಕೇ ಸಿಗುತ್ತೆ ಅಂತ ಅದು ಕಲಿತುಬಿಡುತ್ತೆ. ನಾವು ‘ಏಯ್, ಸುಮ್ನಿರು!’ ಅಂತ ಕೂಗಿದರೆ ನಾವೂ ಜೊತೆಗೆ ಬೊಗಳುತ್ತಿದ್ದೇವೆ ಅಂದುಕೊಂಡರೂ ಆಶ್ಚರ್ಯವಿಲ್ಲ.

ಕಳೆದ ತಿಂಗಳು ಪಕ್ಕದ ಮನೆಯ ಆಂಟಿ, ‘ಅಕ್ಕಪಕ್ಕದವರ ಬೈಗುಳ ಸಾಕಾಗಿದೆ ಕಣಪ್ಪ, ಬೈಪಾಸ್ ಹತ್ರ ಬಿಟ್ಟು ಬರ್ತೀವಿ’ ಅಂದರು. ಬೇಡ ಆಂಟಿ, ದಿನಾ ಬೆಳಿಗ್ಗೆ ನಾನೇ ವಾಕಿಂಗ್ ಕರ್ಕೊಂಡು ಹೋಗ್ತೀನಿ ಅಂದೆ. ಅಂಕಲ್ ಸಂಜೆಯ ಪಾಳಿ ಒಪ್ಪಿಕೊಂಡರು. ಗೇಟಿನ ಸಂದಿಗೆ ತಗಡು ಬಡಿಸಿ, ರಸ್ತೆ ಕಾಣದಂತೆ ಮಾಡಿದೆವು. ಊಟವನ್ನು ತಟ್ಟೆಗೆ ಸುರಿಯುವ ಬದಲು ಸ್ವಲ್ಪ ಭಾಗವನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಹುಡುಕಿ ತಿನ್ನುವಂತೆ ಇಟ್ಟೆವು. ಬೊಗಳುವುದು ನಿಲ್ಲಿಸಿ ಮೂರು ಸೆಕೆಂಡ್ ಸುಮ್ಮನಿದ್ದರೆ ಒಂದು ಚೂರು ತಿಂಡಿ. ಆಮೇಲೆ ಐದು ಸೆಕೆಂಡಿಗೆ, ಹತ್ತಕ್ಕೆ. ರಾತ್ರಿ ಸರಪಳಿ ಬಿಚ್ಚಿ ವರಾಂಡದಲ್ಲಿ ಮಲಗಿಸಿದರು. ಮೊದಲ ವಾರ ಗಲಾಟೆ ಜಾಸ್ತಿಯೇ ಆಯಿತು. ಮೊದಲು ಫಲ ಕೊಡುತ್ತಿದ್ದ ಉಪಾಯ ನಡೆಯದಿದ್ದಾಗ ನಾಯಿ ಇನ್ನಷ್ಟು ಜೋರಾಗಿ ಪ್ರಯತ್ನಿಸುವುದು ಸಹಜ. ಬಹಳ ಜನ ಕೈಬಿಡುವುದು ಇಲ್ಲೇ. ಮೂರನೇ ವಾರಕ್ಕೆ ರಾತ್ರಿಯ ಬೊಗಳಾಟ ಹತ್ತು ನಿಮಿಷಕ್ಕಿಳಿಯಿತು. ಪೂರ್ತಿ ನಿಂತಿಲ್ಲ, ನಿಲ್ಲಲೂಬಾರದು. ನಾಯಿ ಅಂದಮೇಲೆ ಬೊಗಳಲೇಬೇಕಲ್ಲ!

ಎಲ್ಲ ನಾಯಿಗೂ ಇದೇ ಮದ್ದು ಅಂತಲ್ಲ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಬೊಗಳಲು ಶುರು ಮಾಡಿದರೆ ಎಲ್ಲೋ ನೋವಿರಬಹುದು, ಕಿವಿ ಮಂದವಾಗಿರಬಹುದು. ಮೊದಲು ಪಶುವೈದ್ಯರಿಗೆ ತೋರಿಸಿ. ಒಂಟಿಯಾಗಿ ಬಿಟ್ಟಾಗ ಮಾತ್ರ ಕೂಗುವ ನಾಯಿಗೆ ಒಂದು ನಿಮಿಷ, ಐದು ನಿಮಿಷ ಅಂತ ನಿಧಾನಕ್ಕೆ ಅಭ್ಯಾಸ ಮಾಡಿಸಬೇಕು. ಭಯದಿಂದ ಬೊಗಳುವ ನಾಯಿಗೆ ಶಾಕ್ ಕೊಟ್ಟರೆ ಭಯ ಇಮ್ಮಡಿಯಾಗುತ್ತೆ. ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚುವ ಅಪಾಯವೂ ಇದೆ.

ಬಿಟ್ಟು ಬರುವ ಯೋಚನೆ ಇರುವವರಿಗೆ ಕಾನೂನೂ ಗೊತ್ತಿರಲಿ. ಸಕಾರಣವಿಲ್ಲದೆ ಸಾಕುಪ್ರಾಣಿಯನ್ನು ಬೀದಿಗೆ ಬಿಡುವುದು, ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದು, ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ನನ್ನ ವಯಸ್ಸಿನವರಿಗೆ ಒಂದು ಮಾತು. ಪಕ್ಕದ ಮನೆಯ ಲ್ಯಾಬ್ರಡಾರ್ ತಂದಿದ್ದು ಅವರ ಮಗ, ಮೊದಲ ಸಂಬಳದಲ್ಲಿ. ಈಗ ಅವನಿಗೆ ಪುಣೆಗೆ ವರ್ಗ, ನಾಯಿ ಅಪ್ಪ ಅಮ್ಮನ ಪಾಲಿಗೆ. ಇಂಥವರು ನಮ್ಮಲ್ಲಿ ಎಷ್ಟು ಜನ! ರೀಲ್ಸ್‌ಗಾಗಿ ಸೈಬೀರಿಯಾದ ಹಸ್ಕಿಯನ್ನು ದಾವಣಗೆರೆಯ ಬಿಸಿಲಿಗೆ ತರುತ್ತೇವೆ. ಓಡಲೆಂದೇ ಹುಟ್ಟಿದ ಮುಧೋಳ ನಾಯಿಯನ್ನು ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕೂಡಿಹಾಕುತ್ತೇವೆ. ಆಮೇಲೆ ಬೊಗಳುತ್ತೆ ಅಂತ ಬೈಯುತ್ತೇವೆ. ಕೆಲಸ ಸಿಕ್ಕ ಖುಷಿಯಲ್ಲಿ ಮರಿ ಕೊಳ್ಳುವ ಮುನ್ನ ಅದರ ಬೆಲೆಯ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಿ: ಮುಂದಿನ ಹತ್ತು ಹನ್ನೆರಡು ವರ್ಷ, ದಿನಕ್ಕೆ ಒಂದು ಗಂಟೆ ಕೊಡುವವರು ಮನೆಯಲ್ಲಿ ಯಾರು? ಉತ್ತರ ‘ಅಮ್ಮ’ ಅಂತಾದರೆ, ಮೊದಲು ಅಮ್ಮನನ್ನು ಕೇಳಿ.